ಒಂದಾಗಬೇಕೋ ಬೇಡವೋ ಎಂದು ಕೇಳಲು ಪರದೇಶಕ್ಕೆ ಹೋದದ್ದು

ನಾನು ಪರದೇಶಕ್ಕೆ ಹೋಗಿ ಬಂದವನು. ನಂಬುವುದಿಲ್ಲ ಅಲ್ಲವೇ? ನಂಬಬೇಡಿ. ತಾಕತ್ತಿದ್ದರೆ ಕೊನೆಯ ಸಾಲಿನವರೆಗೂ ನಂಬದೆ ಓದಿ, ನೋಡೋಣ. ನಾನು ಹಡಗು ಹತ್ತಲಿಲ್ಲ, ಸಮುದ್ರ ದಾಟಲಿಲ್ಲ. ಬೆಳಿಗ್ಗೆ ಅಂಕೋಲೆಯಲ್ಲಿ ಗಂಜಿ ಕುಡಿದು ಹೊರಟವನು, ಸಂಜೆಯೊಳಗೆ ಬೇರೆ ಸರ್ಕಾರ, ಬೇರೆ ಬಾವುಟ, ಬೇರೆ ನಾಣ್ಯದ ದೇಶದಲ್ಲಿ ಕೂತು ಬೆವರು ಒರೆಸಿಕೊಳ್ಳುತ್ತಿದ್ದೆ. ನಮ್ಮ ಕಡೆ ಒಮ್ಮೆ ಮುಂಬೈ ನೋಡಿ ಬಂದವರು ಎರಡು ವರ್ಷ ಅದೇ ಮಾತು ಆಡುತ್ತಾರೆ. ಮುಂಬೈ ನಮ್ಮ ಸರ್ಕಾರದ್ದೇ ಊರು. ನಾನು ಹೋದದ್ದು ಪೋರ್ತುಗೀಜರ ಗೋವೆಗೆ. ಹೀಗಿದ್ದೂ ನಮ್ಮೂರಿನವರು ಗಡಿಯ ಹಳ್ಳಿಯ ಹೆಸರು ಹಿಡಿದು "ಬೀರಣ್ಣ ಮಾಜಾಳಿ ಆಚೆ ಹೋಗಿ ಬಂದ" ಎಂದು ಎರಡೇ ಮಾತಿನಲ್ಲಿ ಮುಗಿಸುತ್ತಾರೆ. ಆ ಸಿಟ್ಟಿಗೇ ಇದನ್ನು ಬರೆಯುತ್ತಿದ್ದೇನೆ.

ಊರು ಬಿಡುವ ಮೊದಲು

ನಮ್ಮೂರು ಬೇಲೆಕೇರಿಯ ಕಡೆ ಹಳ್ಳದ ದಂಡೆಯ ಮೇಲಿದೆ. ಸಮುದ್ರಕ್ಕೆ ಭರತ ಬಂದಾಗ ಹಳ್ಳದೊಳಗೆ ಉಪ್ಪುನೀರು ಏರುತ್ತದೆ. ಅದನ್ನು ತಡೆಯಲು ಮಣ್ಣಿನ ಕಟ್ಟೆ ಹಾಕಿ, ಒಳಗಿನ ಗಜನಿ ಗದ್ದೆಯಲ್ಲಿ ಕಗ್ಗ ಬೆಳೆಯುತ್ತೇವೆ. ಕಗ್ಗ ಎಂದರೆ ಉಪ್ಪಿನಲ್ಲಿ ಕಾಲಿಟ್ಟುಕೊಂಡೂ ಬದುಕುವ ಭತ್ತ. ಆದರೆ ಕಟ್ಟೆಯನ್ನು ಪ್ರತಿ ವರ್ಷ ಮಳೆಗೆ ಮೊದಲು ಊರಿನವರೆಲ್ಲ ಸೇರಿ ಸರಿಮಾಡಬೇಕು. ನಾಲ್ಕು ಮನೆಯವರು ಬಾರದಿದ್ದರೆ ಅವರ ಪಾಲಿನ ಕಟ್ಟೆ ಬಾಯಿ ಬಿಡುತ್ತದೆ. ಆ ಬಾಯಿಯಲ್ಲಿ ಎಲ್ಲರ ಗದ್ದೆಯೂ ಹೋಗುತ್ತದೆ.

ನಾವು ಹೊರಡುವ ನಾಲ್ಕು ವರ್ಷ ಮೊದಲು, ಬ್ರಿಟಿಷ್ ಸರ್ಕಾರಕ್ಕೆ ಕಂದಾಯ ಕೊಡುವುದಿಲ್ಲ ಎಂಬ ಚಳವಳಿ ನಡೆದಾಗ ಊರು ಒಡೆಯಿತು. ಕೊಡದವರ ಗದ್ದೆ ಹರಾಜಾಯಿತು, ಕೆಲವರು ಜೈಲಿಗೆ ಹೋದರು. ಕೊಟ್ಟವರು ಗದ್ದೆಯಲ್ಲೇ ಉಳಿದರು. ಅಂದಿನಿಂದ ಊರಲ್ಲಿ 'ಕೊಟ್ಟವರು', 'ಕೊಡದವರು' ಎಂದು ಎರಡು ಜಾತಿ. ಬಾವಿಗೆ ಎರಡು ಹಗ್ಗ, ಗಡ್ಡಕ್ಕೆ ಇಬ್ಬರು ಹಜಾಮರು, ಒಂದೇ ದೇವರಿಗೆ ಒಂದೇ ಹೊತ್ತಿನಲ್ಲಿ ಎರಡು ಭಜನೆ. ಕಟ್ಟೆಗೆ ಮಾತ್ರ ಅರ್ಧವೇ ಮಣ್ಣು. ನನಗಂತೂ ಗದ್ದೆಯೇ ಇಲ್ಲ. ಕಂದಾಯ ಕೊಡದ ದೇಶಭಕ್ತಿ ನನಗೆ ಹುಟ್ಟಿನಿಂದಲೇ ಬಂದದ್ದು. ಆದರೂ ಜಪ್ತಿಗೆ ಬಂದ ಸಿಪಾಯಿಗಳಿಗೆ ಅಡ್ಡದಾರಿ ತೋರಿಸಿ, ಸೊಂಟದವರೆಗಿನ ಕೆಸರಿನಲ್ಲಿ ನಿಲ್ಲಿಸಿದವನು ನಾನೇ. ಎರಡೂ ಪಂಗಡದವರು ಒಪ್ಪುವ ಸಂಗತಿ ಊರಲ್ಲಿ ಇದೊಂದೇ.

ಕೊಡದವರಲ್ಲಿ ಒಬ್ಬ, ದೇವಮ್ಮನ ಗಂಡ, ಜೈಲಿನಿಂದ ಜ್ವರ ತಂದು ಸತ್ತ. ಅವರ ಗದ್ದೆಯನ್ನು ಹರಾಜಿನಲ್ಲಿ ಹಿಡಿದವನು ಅವನದೇ ಚಿಕ್ಕಪ್ಪನ ಮಗ ವೆಂಕಣ್ಣ. ದೇವಮ್ಮ ಆಗ ಕಂಡವರ ಗದ್ದೆಗೆ ಕೂಲಿಗೆ ಹೋಗುತ್ತಿದ್ದಳು. ಹೋಗುವ ದಾರಿ ಅವಳ ಗದ್ದೆಯ ಬದಿಯಲ್ಲೇ ಇತ್ತು.

ಇಂಥ ಊರಿಗೆ ಕಾರವಾರದಿಂದ ವಕೀಲರು ಬಂದರು. ಇವರು ನಮ್ಮ ಕಡೆಯ ದೊಡ್ಡ ಮುಖಂಡರು. ಹೆಸರು ಬರೆಯುವುದಿಲ್ಲ, ಬರೆದರೆ ಸಂತೋಷಪಡುತ್ತಾರೆ. ಅವರೂ ಜೈಲು ಕಂಡವರು, ಒಳ್ಳೆಯವರು. ಆದರೆ ಅವರ ಬಾಯಲ್ಲಿ ಇದ್ದದ್ದು ಒಂದೇ ಮಾತು: ಒಂದಾಗಿ, ಒಂದಾಗಿ, ಒಂದಾಗಿ. ಒಂದೇ ಬೇಸಿಗೆಯಲ್ಲಿ ಮೂರು ಸಲ ಬಂದು ಹೇಳಿದರು. ನನ್ನ ಕಿವಿ ಕಿತ್ತು ಅವರ ಕೈಗೇ ಕೊಟ್ಟುಬಿಡೋಣ ಅನ್ನಿಸಿತು.

"ಇಡೀ ದೇಶ ಒಂದಾಗಬೇಕಾದ ಹೊತ್ತು ಇದು. ನೀವು ಬಾವಿಗೆ ಎರಡು ಹಗ್ಗ ಇಟ್ಕೊಂಡು ಕೂತೀರಿ! ಉಪ್ಪುನೀರು ಬರುವಾಗ ಕೊಟ್ಟವರ ಗದ್ದೆ ಯಾವುದು, ಕೊಡದವರದ್ದು ಯಾವುದು ಅಂತ ಕೇಳ್ಕೊಂಡು ಬರ್ತದಾ?"

ಮಾತು ಸರಿಯಾಗಿಯೇ ಇತ್ತು. ಅವರ ಮಾತು ಯಾವಾಗಲೂ ಸರಿಯಾಗಿರುವುದೇ ನನಗೆ ಸಿಟ್ಟು ಬರಿಸುತ್ತಿತ್ತು.

ದೇವಮ್ಮ ಹಿಂದಿನಿಂದ ಕೇಳಿದಳು: "ಒಂದಾಗೂದು ಅಂದ್ರೆ ಎಂತ ವಕೀಲ್ರೇ? ಕಟ್ಟೆಗೆ ನಾ ಮಣ್ಣು ಹೊರೂದು, ಒಳಗೆ ನನ್ನ ಗದ್ದೇಲಿ ಅಂವ ಬಿತ್ತೂದಾ?"

"ಅದೆಲ್ಲ ಆಮೇಲೆ ನೋಡ್ವಾ ದೇವಮ್ಮ. ಮೊದಲು ಒಂದಾಗ್ವಾ."

"ಆಮೇಲೆ ಅಂದ್ರೆ ಯಾವಾಗ? ನಾ ಸತ್ತ ಮೇಲಾ?"

ಸಭೆ ಎರಡು ಬಾಯಿಯಲ್ಲಿ ಕೂಗತೊಡಗಿತು. ಕೊನೆಗೆ ಒಬ್ಬ ಮುದುಕ ಎದ್ದು, ಕುಲದೇವರನ್ನೇ ಕೇಳಿ ಬನ್ನಿ ಎಂದ. ನಮ್ಮ ಹಿರಿಯರು ಗೋವೆಯಿಂದ ಇಳಿದು ಬಂದವರು. ಹಿರಿಯರು ಬಂದರೂ ದೇವರು ಬರಲಿಲ್ಲ, ಅಲ್ಲೇ ಕಾಣಕೋಣದ ಕಡೆ ಉಳಿದ. ಮದುವೆಯಿರಲಿ, ಪಾಲಿರಲಿ, ಜಗಳವಿರಲಿ, ಅಲ್ಲಿಗೆ ಹೋಗಿ ಪ್ರಸಾದ ಕೇಳುವುದು ನಮ್ಮ ಪದ್ಧತಿ. ಪೂಜಾರಿ ಕಲ್ಲಿನ ದೇವರ ಮೈಗೆ ಒದ್ದೆ ಕೇಪಳ ಹೂವನ್ನು ಬಲಕ್ಕೊಂದು, ಎಡಕ್ಕೊಂದು ಅಂಟಿಸುತ್ತಾನೆ. ನಾವು ಪ್ರಶ್ನೆ ಇಡುತ್ತೇವೆ, ಕಾಯುತ್ತೇವೆ. ಬಲದ ಹೂ ಮೊದಲು ಬಿದ್ದರೆ ಹೌದು, ಎಡದ್ದು ಬಿದ್ದರೆ ಇಲ್ಲ.

ವಕೀಲರಿಗೆ ಇದು ಹಿಡಿಸಲಿಲ್ಲ. "ದೇಶದ ವಿಷಯ ಹೂವಿಗೆ ಎಂತ ಗೊತ್ತು?" ಎಂದರು. ಆದರೆ ಊರು ಮೊದಲ ಸಲ ಒಂದು ಮಾತಿಗೆ ಒಪ್ಪಿತ್ತು, ಅದನ್ನು ಬಿಡಲು ಅವರಿಗೆ ಮನಸ್ಸಾಗಲಿಲ್ಲ. ಕೊಟ್ಟವರ ಕಡೆಯಿಂದ ವೆಂಕಣ್ಣ, ಕೊಡದವರ ಕಡೆಯಿಂದ ದೇವಮ್ಮ, ಜೊತೆಗೆ ವಕೀಲರು ಎಂದಾಯಿತು. ಸಾಕ್ಷಿಗೆ ನಾನು. ಎರಡೂ ಕಡೆಯವರು ಸಮಸಮವಾಗಿ ನಂಬದ ಮನುಷ್ಯ ಊರಲ್ಲಿ ನಾನೊಬ್ಬನೇ.

ಕೋಡಿಬಾಗದ ದೋಣಿ

ಅಂಕೋಲೆಯಿಂದ ಕಾರವಾರಕ್ಕೆ ಮೋಟಾರು ಸಿಕ್ಕಿತು. ವೆಂಕಣ್ಣ ಮುಂದೆ, ದೇವಮ್ಮ ಹಿಂದೆ. ನಡುವೆ ವಕೀಲರು, ಅವರ ಛತ್ರಿ, ಅವರ ಉಪದೇಶ. ಕೋಡಿಬಾಗದಲ್ಲಿ ಕಾಳಿ ನದಿ ದಾಟಬೇಕು. ದೋಣಿ ನೋಡಿದ್ದೇ ದೇವಮ್ಮ ನಿಂತಳು.

"ಅಂವ ಕೂತ ದೋಣೀಲಿ ನಾ ಕೂರೂದಿಲ್ಲ."

"ಹಾಗಾದ್ರೆ ನಾ ಆಮೇಲೆ ಬತ್ತೆ," ಎಂದ ವೆಂಕಣ್ಣ.

ದೋಣಿಯವನು ಬೀಡಿ ಕಿವಿಗೆ ಸಿಕ್ಕಿಸಿಕೊಂಡು, "ಇಳಿತ ಸುರುವಾಯ್ತು ಮಾರಾಯ್ರೇ. ಇದು ಹೋದ್ರೆ ಮತ್ತೆ ಇಲ್ಲ. ಒಬ್ರು ಇತ್ಲಾಗೆ ಮುಖ ಮಾಡಿ, ಒಬ್ರು ಅತ್ಲಾಗೆ. ನೀರಿಗೆ ಎಂತ ಬೇಜಾರಿಲ್ಲ," ಎಂದ.

ಹಾಗೇ ಕೂತರು. ದೇವಮ್ಮ ಸದಾಶಿವಗಡದ ಗುಡ್ಡ ನೋಡುತ್ತ, ವೆಂಕಣ್ಣ ದೇವಬಾಗದ ಮರಳು ನೋಡುತ್ತ. ಹೊಳೆ ಅರ್ಧ ದಾಟಿದ್ದೆವು, ವಕೀಲರಿಗೆ ಸ್ಫೂರ್ತಿ ಬಂತು. ಎದ್ದು ನಿಂತರು.

"ನೋಡಿ, ನಾವೆಲ್ಲ ಕೂತದ್ದು ಒಂದೇ ದೋಣಿ..."

"ಕೂತ್ಕೊಳ್ಳಿ ಸಾಯಬ್ರೇ! ಒಂದೇ ದೋಣಿ ಅಂತ ನಂಗೂ ಗೊತ್ತದೆ. ಮಗಚಿದ್ರೆ ನಿಮ್ಮಿಂದ ಮಗಚ್ತದೆ!"

ದೋಣಿಯವನ ಕೂಗಿಗೆ ವಕೀಲರು ಧೊಪ್ಪೆಂದು ಕೂತರು. ಛತ್ರಿ ನೀರಿಗೆ ಬಿತ್ತು, ಅದನ್ನು ಹಿಡಿಯಲು ಇಬ್ಬರು ಒಟ್ಟಿಗೆ ಕೈ ಚಾಚಿದರು. ಒಂದು ವೆಂಕಣ್ಣನ ಕೈ, ಇನ್ನೊಂದು ದೇವಮ್ಮನದು. ಎರಡು ಕೈಯೂ ಹಿಂದೆ ಸರಿದವು. ಛತ್ರಿ ಸಮುದ್ರಕ್ಕೆ ಹೋಯಿತು. ಉರಿಬಿಸಿಲಿನಲ್ಲಿ ಮಾಜಾಳಿಯವರೆಗೆ ಎತ್ತಿನ ಗಾಡಿಯಲ್ಲಿ ವಕೀಲರ ಕೆಂಪಾದ ಮೂಗು ನೋಡುತ್ತ ಹೋದೆ. ನನ್ನ ಜೀವನದಲ್ಲಿ ಇಷ್ಟು ದಂಡದ ಪ್ರಯಾಣ ಮಾಡಿಲ್ಲ.

ಗಡಿ

ಪರದೇಶ ಎಂದರೆ ಏನೋ ಇರುತ್ತದೆ ಅಂದುಕೊಂಡಿದ್ದೆ. ಈಚೆ ಯಾವ ತೆಂಗಿನ ಮರವೋ ಆಚೆಯೂ ಅದೇ. ಈಚೆಯ ಕಾಗೆ ಯಾರನ್ನೂ ಕೇಳದೆ ಆಚೆ ಹೋಗಿ ಕೂತಿತು. ನಾವು ಮಾತ್ರ ಗಂಟು ಬಿಚ್ಚಿ ನಿಂತೆವು.

ಪೋರ್ತುಗೀಜ ಚೌಕಿಯ ಜವಾನ ನಮ್ಮಂತೆಯೇ ಕಪ್ಪಗಿದ್ದ, ನಮ್ಮಂತೆಯೇ ಕೊಂಕಣಿ ಆಡುತ್ತಿದ್ದ. ಬೂಟು ಮಾತ್ರ ಪರದೇಶದ್ದು. ಅವನು ದೇವಮ್ಮನ ಗಂಟಿನಲ್ಲಿ ಕೈಯಾಡಿಸಿ ಒಂದು ಹಿಡಿ ಭತ್ತ ತೆಗೆದ. ಇದೇಕೆ ಎಂದು ಕೇಳಿದ. "ದೇವ್ರಿಗೆ ತೋರಿಸ್ಲಿಕ್ಕೆ. ನಮ್ಮ ಗದ್ದೇದು, ಕಡೇ ವರ್ಷದ್ದು," ಎಂದಳು. ಅವನು ಅದನ್ನು ಗಂಟಿಗೇ ವಾಪಸು ಹಾಕಿದ. ವೆಂಕಣ್ಣ ಆ ಕಡೆ ತಿರುಗಿ ಕೆಮ್ಮಿದ.

ಜವಾನನ ಕಣ್ಣು ವಕೀಲರ ಬಿಳಿ ಟೋಪಿಯ ಮೇಲೆ ಬಿತ್ತು. ಅಲ್ಲಿ ಸಭೆ ಮಾಡುವವರನ್ನು ಕಂಡರಾಗದು. "ಇವ್ರು ಯಾರು? ಭಾಷಣದವ್ರಾ?"

ವಕೀಲರು ಎದೆಯುಬ್ಬಿಸಿ ನಿಜ ಹೇಳಲು ಹೊರಟಿದ್ದರು. ನಾನು ಮುಂದೆ ಹಾರಿ, "ಎಂತ ಭಾಷಣ ರೇ ಬಾಬಾ, ಇವ್ರು ಮದುವೆ ಅಡುಗೆಯವ್ರು. ಕೂದಲು ಸಾರಿಗೆ ಬೀಳಬಾರ್ದು ಅಂತ ಟೋಪಿ," ಎಂದೆ.

ಜವಾನನ ಮುಖ ಅರಳಿತು. ಅವನ ತಂಗಿಯ ಮದುವೆ ಹತ್ತಿರದಲ್ಲೇ ಇತ್ತಂತೆ. "ನೂರು ಜನಕ್ಕೆ ಎಷ್ಟು ತೆಂಗಿನಕಾಯಿ ಬೇಕು?"

ಒಲೆಯ ಬಾಯಿ ಯಾವ ಕಡೆಗಿರುತ್ತದೆ ಎಂದೂ ತಿಳಿಯದ ಮನುಷ್ಯ ಯೋಚಿಸಿದರು, ಬೆವರಿದರು, "ಎರಡು," ಎಂದರು. ಜವಾನ ಬಹಳ ಹೊತ್ತು ಅವರನ್ನೇ ನೋಡಿದ. "ನಿಮ್ಮೂರಲ್ಲಿ ಇಷ್ಟು ಬರಗಾಲ ಅಂತ ಗೊತ್ತಿರ್ಲಿಲ್ಲ," ಎಂದು ಕನಿಕರದಿಂದ ಒಳಗೆ ಬಿಟ್ಟ. ದೇವಮ್ಮ ಸೆರಗು ಬಾಯಿಗೆ ಹಿಡಿದು ನಕ್ಕಳು. ನಗುತ್ತ ತಿರುಗಿದವಳಿಗೆ ವೆಂಕಣ್ಣನೂ ನಗುತ್ತಿರುವುದು ಕಂಡಿತು, ಕೂಡಲೇ ನಗು ನಿಲ್ಲಿಸಿದಳು. ನನ್ನ ಅಷ್ಟು ಒಳ್ಳೆಯ ತಮಾಷೆಯನ್ನೂ ಹೀಗೆ ಅರ್ಧದಲ್ಲಿ ನುಂಗುವ ಹಟ!

ಕಾಯ್ತಾನನ ಜಗಲಿ

ಆ ದಿನ ಉಳಿದದ್ದು ಗಡಿಯಾಚೆಯ ಪೋಳೆಯಲ್ಲಿ, ಕಾಯ್ತಾನನೆಂಬ ಕ್ರಿಸ್ತಾಂವನ ಜಗಲಿಯಲ್ಲಿ. ಅವನದು ಪಾವು, ಮೀನುಸಾರಿನ ಸಣ್ಣ ಅಂಗಡಿ. ಗೋವೆಯವರ ಒಂದು ಅಭ್ಯಾಸ ನೋಡಿ: ಊಟವಾದ ಮೇಲೆ ಇಡೀ ಊರು ಬಾಗಿಲು ಹಾಕಿ ಮಲಗುತ್ತದೆ, ಗಿರಾಕಿ ಬಂದರೂ ಏಳುವುದಿಲ್ಲ. ಕೂಗಿ ಕೂಗಿ ನನ್ನ ಗಂಟಲು ಹರಿಯಿತು. ಎದ್ದು ಬಂದವನು ಸಿಟ್ಟು ಮಾಡಲಿಲ್ಲ. "ಹಸಿವೆಯೂ ಸ್ವಲ್ಪ ಮಲಗ್ಲಿ," ಎಂದ.

ಅವನು ಕೊಂಕಣಿಯಲ್ಲಿ ಆಡಿದ್ದನ್ನು ನಮ್ಮ ಮಾತಿಗೆ ತಂದು ಹೇಳುತ್ತೇನೆ. ನಾವು ಬಂದ ಕಾರಣ ಕೇಳಿ ಅವನಿಗೆ ಆಶ್ಚರ್ಯವಾಯಿತು.

"ಒಂದಾಗೂದಕ್ಕೆ ಇಷ್ಟು ತ್ರಾಸಾ? ನಮ್ಮಲ್ಲಿ ಎಲ್ರೂ ಒಂದೇ."

ವಕೀಲರು ಎದ್ದು ಕೂತರು. "ಹೌದಾ? ಹೇಗೆ?"

"ಹೇಗೆ ಅಂದ್ರೆ? ಲಿಸ್ಬನ್ನಿಂದ ಹುಕುಂ ಬತ್ತದೆ. ಸಭೆ ಇಲ್ಲ, ಹಾಗಾಗಿ ಜಗಳ ಇಲ್ಲ. ಪೇಪರಿನಲ್ಲಿ ಬೇಡದ್ದು ಬಂದ್ರೆ ಅಳಿಸ್ತಾರೆ, ಹಾಗಾಗಿ ಎಲ್ರದ್ದೂ ಒಂದೇ ಅಭಿಪ್ರಾಯ. ನನ್ನ ಮೈದುನ ಒಬ್ಬ ಬೇರೆ ಅಭಿಪ್ರಾಯದವ್ನು ಇದ್ದ."

"ಅವರು ಈಗ ಎಲ್ಲಿದ್ದಾರೆ?"

"ನಿಮ್ಮ ಕಾರವಾರದಲ್ಲೇ. ಇಲ್ಲಿ ನಾವೆಲ್ಲ ಒಂದಾಗಿದ್ದೇವಲ್ಲ, ಅಂವಗೆ ಜಾಗ ಸಾಕಾಗ್ಲಿಲ್ಲ." ಹೀಗೆ ಹೇಳಿ, ಸಾರು ಇನ್ನೂ ಬೇಕೇ ಎಂದು ಕೇಳಿದ.

ವಕೀಲರು ಬೇಡವೆಂದರು. ಪಾವು ಕೈಯಲ್ಲೇ ಉಳಿಯಿತು. ನಾನು ಬಿಡುತ್ತೇನೆಯೇ? "ಎಂತ ವಕೀಲ್ರೇ, ಈ ತರದ್ದು ಒಂದು ನಮ್ಮೂರಿಗೂ ತರ್ವಾ?" ಎಂದೆ. "ಸುಮ್ನಿರಿ ಬೀರಣ್ಣ," ಎಂದರು. ಅವರ ದನಿಯಲ್ಲಿ ಸಭೆಯ ಗಾಳಿ ಇರಲಿಲ್ಲ.

ಮರುದಿನ ಬೆಳಿಗ್ಗೆ ಹೊರಡುವಾಗ ಕಾಯ್ತಾನನ ಹಿತ್ತಲಲ್ಲಿ ಹಲಸಿನ ಕಾಯಿ ಕೊಯ್ಯುತ್ತಿದ್ದರು. ತೊಟ್ಟಿನಿಂದ ಬೆಳ್ಳಗೆ ಮೇಣ ಇಳಿಯುತ್ತಿತ್ತು. ಅದನ್ನು ನೋಡಿ ನನ್ನ ತಲೆಯಲ್ಲಿ ಒಂದು ಯೋಚನೆ ಬಂತು. ಪ್ರಸಾದದ ಹೂವಿಗೆ ಮೇಣ ಸವರಿದರೆ ಬಲದ್ದೂ ಬೀಳದು, ಎಡದ್ದೂ ಬೀಳದು. ಗದ್ದೆಯ ಮಾತಿಲ್ಲದ ಒಂದಾಗುವಿಕೆಗೆ ದೇವರ ಮೊಹರೂ ಬೀಳದು. ಒಂದು ಉಂಡೆ ಮೇಣವನ್ನು ಎಲೆಯಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ದೇವರ ಎದುರು

ಎರಡು ಗುಡ್ಡ ದಾಟಿ ದೇವಸ್ಥಾನ ಸೇರಿದಾಗ ಹೊತ್ತು ನೆತ್ತಿಗೆ ಬರುತ್ತಿತ್ತು. ಪೂಜಾರಿ ಸಣಕಲು ಮುದುಕ, ನನಗಿಂತ ಹಿರಿಯ. ಅವನು ನೀರಿಗೆಂದು ಬಾವಿಗೆ ಹೋದಾಗ ಹೂವಿನ ತಟ್ಟೆ ನನ್ನ ಕೈಗೆ ಬಂತು. ನನ್ನ ಬೆರಳಿನ ಚಳಕ ಊರಿಗೇ ಗೊತ್ತು: ತೊಟ್ಟಿಗೊಂದು ಚುಕ್ಕೆ ಮೇಣ, ಮುಗಿಯಿತು.

ಪೂಜಾರಿ ಹೂ ಅಂಟಿಸಿದ. ವಕೀಲರು ಕೈ ಮುಗಿದು ಪ್ರಶ್ನೆ ಇಟ್ಟರು: "ನಮ್ಮ ಊರು ಒಂದಾಗಬೇಕೋ, ಬೇಡವೋ?"

ಕಾದೆವು. ಹೂ ಅಲ್ಲಾಡಲಿಲ್ಲ.

"ಪ್ರಶ್ನೆ ಸಮಾ ಇಲ್ಲ," ಎಂದ ಪೂಜಾರಿ. "ಬದಲು ಮಾಡಿ."

ವಕೀಲರು ಪ್ರಶ್ನೆಗೆ ಸ್ವಲ್ಪ ದೇಶ ಸೇರಿಸಿದರು. ಹೂ ಬೀಳಲಿಲ್ಲ. ಮತ್ತೊಮ್ಮೆ ಸ್ವಲ್ಪ ತ್ಯಾಗ, ಇನ್ನೊಮ್ಮೆ ಸ್ವಲ್ಪ ಭಾರತಮಾತೆ ಸೇರಿಸಿದರು. ಹೂ ಮೊದಲಿಗಿಂತ ಗಟ್ಟಿಯಾಗಿ ಕೂತಂತೆ ಕಂಡಿತು. ಪೂಜಾರಿಯ ಊಟದ ಹೊತ್ತು ಮೀರಿತು, ನಮ್ಮದೂ ಮೀರಿತು. ಕಲ್ಲಿನ ನೆಲದಲ್ಲಿ ಕಾಲು ಜೋಮು ಹಿಡಿಯಿತು. ನನ್ನ ಕುಚೇಷ್ಟೆಗೆ ನಾನೇ ಬೇಸತ್ತು ಹೋದೆ.

"ಕೇಳಿದ್ದು ನಾಲ್ಕು ಸಲ," ಎಂದ ಪೂಜಾರಿ ರೇಗಿ. "ನಾಲ್ಕು ಸಲವೂ ಎಂತದೋ ಮುಚ್ಚಿಟ್ಟು ಕೇಳ್ತೀರಿ. ಒಂದಾಗಬೇಕು ಅಂದ್ರೆ ಒಡೆದದ್ದು ಎಲ್ಲಿ? ಅದು ಹೇಳದೆ ಕೇಳಿದ್ರೆ ದೇವ್ರಾದ್ರೂ ಎಂತ ಹೇಳ್ತಾನೆ?"

ವಕೀಲರು ಕೋರ್ಟಿನಲ್ಲೂ ಮಾಡಿರಲಾರದ ಕೆಲಸ ಮಾಡಿದರು. ಹಿಂದೆ ಸರಿದು, "ದೇವಮ್ಮ, ಇದು ನನ್ನ ಪ್ರಶ್ನೆ ಅಲ್ಲ. ನೀವು ಕೇಳಿ," ಎಂದರು.

ದೇವಮ್ಮ ಗಂಟು ಬಿಚ್ಚಿ ಆ ಹಿಡಿ ಭತ್ತವನ್ನು ಹೊಸ್ತಿಲ ಮೇಲೆ ಸುರಿದಳು. "ಈ ವರ್ಷ ನಮ್ಮ ಗಜನೀಲಿ ಯಾರು ಬಿತ್ತೂದು? ಅಷ್ಟೇ ನನ್ನ ಪ್ರಶ್ನೆ."

"ಅಂಥದ್ದು ಆಗೂದಿಲ್ಲ ಅಮ್ಮಾ," ಎಂದ ಪೂಜಾರಿ. "ದೇವ್ರು ಹೌದು ಇಲ್ಲ ಎರಡೇ ಹೇಳೂದು. ಯಾರು ಅಂತ ಹೇಳೂದಿಲ್ಲ."

"ಹಾಗಾದ್ರೆ ಹೇಳುವವ್ರು ಇಲ್ಲೇ ಇದ್ದಾರಲ್ಲ." ಅವಳು ವೆಂಕಣ್ಣನ ಕಡೆ ತಿರುಗಿದಳು. ಅಷ್ಟು ವರ್ಷಗಳಲ್ಲಿ ಅವನಿಗೆ ನೇರ ಆಡಿದ ಮೊದಲ ಮಾತು ಅದು. "ಹೇಳು ಮೈದುನಾ."

ವೆಂಕಣ್ಣನ ಮುಖ ಮುದುಡಿತು. "ನಾ ತಕ್ಕೊಳ್ಳದಿದ್ರೆ ಹೊರಗಿನವ್ರು ತಕ್ಕೊಳ್ತಿದ್ರು ಅತ್ತಿಗೆ. ಮನೆದು ಮನೇಲೇ ಇರ್ಲಿ ಅಂತ ಹಿಡ್ದೆ. ದೇವ್ರಾಣೆ."

"ಹಿಡ್ದೆ. ಆಮೇಲೆ ಬಿಡ್ಲಿಲ್ಲ."

"ನೀ ಒಂದು ಸಲ ಕೇಳಿದ್ರೆ ಕೊಡ್ತಿದ್ದೆ. ಕೇಳ್ಲೇ ಇಲ್ಲ."

"ನನ್ನ ಗದ್ದೆ ನಾ ಬೇಡೂದಾ? ನೀ ಬಂದು ಕರೀಬೇಕಿತ್ತು."

"ಬರ್ಬೇಕು ಅಂತಿದ್ದೆ. ಅಣ್ಣ ಸತ್ತಾಗ ನೀ ಬಾಗಿಲು ಹಾಕ್ದೆ. ಆಮೇಲೆ ಎಲ್ರೂ ಕೊಟ್ಟವ್ರು ಕೊಟ್ಟವ್ರು ಅಂದ್ರು. ಅಂದದ್ದು ಅಂದಂಗೇ ಆಗ್ಲಿ ಅಂತ ನಾನೂ..." ಅವನು ಬಗ್ಗಿ, ಹೊಸ್ತಿಲ ಮೇಲಿನ ಭತ್ತವನ್ನು ಒಂದೊಂದಾಗಿ ಆರಿಸಿ ಅವಳ ಸೆರಗಿಗೆ ಹಾಕತೊಡಗಿದ. "ನೀನೇ ಬಿತ್ತು. ಎತ್ತು ನಾ ತತ್ತೆ."

ನಾಲ್ಕು ವರ್ಷ ಅಷ್ಟು ಸಣ್ಣ ಮಾತು ಆಡಲು ಇಬ್ಬರಿಗೂ ಬಾಯಿ ಬಾರದೆ, ಪರದೇಶಕ್ಕೆ ಬರಬೇಕಾಯಿತಲ್ಲ! ಊರಿನ ಬಾವಿಕಟ್ಟೆಯ ಮೇಲೆ ಕೂತು ಮುಗಿಸಬಹುದಿತ್ತು. ನನ್ನ ಕಾಲು, ನನ್ನ ಸೊಂಟ, ನನ್ನ ಹೊಟ್ಟೆ ಎಲ್ಲ ಒಟ್ಟಿಗೆ ಅವರನ್ನು ಬೈದವು. ಕಣ್ಣು ಮಾತ್ರ ಏಕೋ ಬೇರೆ ಕೆಲಸ ಮಾಡುತ್ತಿತ್ತು. ಹೊರಡುವಾಗ ತಿರುಗಿ ನೋಡಿದೆ. ಎರಡು ಹೂವೂ ಇದ್ದಲ್ಲೇ ಇದ್ದವು.

ವಾಪಸು

ಬರುವಾಗ ದೋಣಿಯಲ್ಲಿ ಯಾರೂ ಬೆನ್ನು ತಿರುಗಿಸಲಿಲ್ಲ. ಹಾಗೆಂದು ಪ್ರೀತಿ ಉಕ್ಕಿ ಹರಿಯಿತು ಎಂದುಕೊಳ್ಳಬೇಡಿ. ಎತ್ತಿಗೆ ಮೇವು ಯಾರ ಮನೆಯದು ಎಂದು ದಾರಿಯುದ್ದಕ್ಕೂ ಜಗಳವಾಡಿದರು. ನಾನು ತಲೆ ಚಚ್ಚಿಕೊಂಡೆ. ವಕೀಲರು ಮಾತ್ರ ಆ ಜಗಳವನ್ನು ಸಂಗೀತ ಕಚೇರಿಯಂತೆ ಕೇಳುತ್ತ ಕೂತಿದ್ದರು.

ಊರಿನ ಸಭೆಯಲ್ಲಿ ಅವರು "ದೇವರ ಅಪ್ಪಣೆ ಆಯಿತು" ಎನ್ನುತ್ತಾರೆ ಅಂದುಕೊಂಡಿದ್ದೆ, ಗೇಲಿಗೆ ಸಿದ್ಧನಾಗಿಯೂ ಇದ್ದೆ. ಅವರು ಹಾಗೆ ಹೇಳಲಿಲ್ಲ. "ಒಂದಾಗಿ ಅಂತ ಇನ್ನು ನಾನು ಹೇಳುವುದಿಲ್ಲ. ಯಾರ ಗದ್ದೆ ಯಾರ ಕೈಯಲ್ಲಿದೆ, ಅದನ್ನು ಮೊದಲು ಹೇಳಿ. ನಾನು ಕೂತು ಕೇಳ್ತೇನೆ," ಎಂದರು. ಕೂತರು ಕೂಡ. ಎರಡು ದಿನ ಕೂತರು. ಹರಾಜಾದ ಉಳಿದ ಗದ್ದೆಗಳಲ್ಲಿ ಕೆಲವು ವಾಪಸಾದವು, ಕೆಲವು ಆಗಲಿಲ್ಲ. ಆಗದವರ ಸಿಟ್ಟು ಇನ್ನೂ ಇದೆ, ಇರಬೇಕಾದದ್ದೇ. ಜನರನ್ನು ಒಂದು ಮಾಡುವುದು ಮುಖಂಡರ ಕೆಲಸವೇ ಎಂದು ನನ್ನನ್ನು ಕೇಳಿದರೆ, ಹೌದು ಎನ್ನುತ್ತೇನೆ. ಆದರೆ ಆ ಕೆಲಸ ಹೀಗೆ ಕೂತು ಬೈಗುಳ ಕೇಳುವುದರಿಂದ ಸುರುವಾಗಬೇಕು. ಭಾಷಣದಿಂದ ಸುರುಮಾಡುವವರಿಗೆ ನೂರು ಜನಕ್ಕೆ ಎರಡು ತೆಂಗಿನಕಾಯಿ ಸಾಕು.

ಮಳೆಗೆ ಎಂಟು ದಿನ ಮೊದಲು ಕಟ್ಟೆಗೆ ಮಣ್ಣು ಬಿತ್ತು. ವಕೀಲರೂ ಬಂದಿದ್ದರು. ದೇವಮ್ಮ ಅವರ ತಲೆಗೆ ಬುಟ್ಟಿ ಏರಿಸಿದಳು. ಆ ವರ್ಷ ಉಪ್ಪುನೀರು ಒಳಗೆ ಬರಲಿಲ್ಲ.

ನನಗೊಂದು ಅನುಮಾನ ಉಳಿದಿತ್ತು. ವೆಂಕಣ್ಣ ಗದ್ದೆ ಬಿಟ್ಟದ್ದು ಮನಸ್ಸಿನಿಂದಲೋ, ಬೀಳದ ಹೂವಿನ ಹೆದರಿಕೆಯಿಂದಲೋ? ಬಿತ್ತನೆಯ ದಿನ ಅವನನ್ನು ಬದಿಗೆ ಕರೆದು, "ಹೂ ಬೀಳದೇ ಇದ್ದದ್ದು ದೇವ್ರ ಸಿಟ್ಟಲ್ಲ ಮಾರಾಯಾ, ನನ್ನ ಹಲಸಿನ ಮೇಣ," ಎಂದೆ. ಅವನು ಕೆಸರುಗೈಯಲ್ಲೇ ನನ್ನ ಬೆನ್ನಿಗೊಂದು ಬಾರಿಸಿದ. ಬಾಯಿಗೆ ಬಂದದ್ದೆಲ್ಲ ಬೈದ. ಬೈದು ಮುಗಿಸಿ, "ಮೇಣ ಆದ್ರೂ ಅಷ್ಟೇ. ಆಡಿದ್ದು ನನ್ನ ಬಾಯಿ," ಎಂದು ಎತ್ತು ಹೊಡೆದುಕೊಂಡು ಅವಳ ಗದ್ದೆಗೆ ಇಳಿದ.

ಈಗ ಕೇಳಿ. ಇಷ್ಟರಲ್ಲಿ ಸುಳ್ಳು ಒಂದೇ ಒಂದು. ಮೇಣ ತೆಗೆದದ್ದು ನಿಜ, ಸೊಂಟಕ್ಕೆ ಸಿಕ್ಕಿಸಿದ್ದು ನಿಜ, ಹೂವಿನ ತಟ್ಟೆ ಕೈಗೆ ಬಂದದ್ದೂ ನಿಜ. ಆದರೆ ಆಗ ಎದುರಿಗೆ ದೇವಮ್ಮ ಗಂಟನ್ನು ಎದೆಗೆ ಹಿಡಿದು ನಿಂತಿದ್ದಳು. ನನ್ನ ಕೈ ಏಳಲಿಲ್ಲ. ಮೇಣ ಸೊಂಟದಲ್ಲೇ ಕರಗಿ ಒಂದು ಒಳ್ಳೆಯ ಪಂಚೆ ಹಾಳಾಯಿತು. ಹೂ ಏಕೆ ಬೀಳಲಿಲ್ಲವೋ, ದೇವರಾಣೆ, ನನಗೆ ಗೊತ್ತಿಲ್ಲ. ವೆಂಕಣ್ಣನಿಗೆ ಇದನ್ನು ಹೇಳಿಲ್ಲ, ನೀವೂ ಹೇಳಬೇಡಿ. ಈಗಲೂ ಅವನ ಮನೆಗೆ ಊಟಕ್ಕೆ ಹೋದರೆ, "ಮೊದ್ಲು ಕೈ ತೊಳ್ಕೊಂಡ್ ಬಾರೋ ಮೇಣದವ್ನೇ," ಎಂದು ಒಳಗಿನಿಂದಲೇ ಕೂಗುತ್ತಾನೆ. ನಾನು ಮಾತಾಡದೆ ಬಾವಿಗೆ ಹೋಗಿ, ಎರಡೆರಡು ಸಲ ತೊಳೆದುಕೊಂಡು ಬರುತ್ತೇನೆ.